ಅಜ್ಜಿ ಮನೆಯಿಂದ ತಂದ ಮನಿಪ್ಲಾಂಟ್ ಫ್ಲ್ಯಾಟ್‌ನಲ್ಲಿ ಸೊರಗ್ತಾ ಇದೆ, ಹೇಗಾದ್ರೂ ಉಳಿಸ್ಬೇಕು

ತುಂಗೆತೀರದವಳು
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ ಪ್ಲೀಸ್.

ನಮ್ಮಜ್ಜಿ ಮನೆ ತೀರ್ಥಹಳ್ಳಿ ಕಡೆ. ಹಿತ್ತಲಲ್ಲಿ ಒಂದು ಹಲಸಿನ ಮರ ಇತ್ತು, ಅದರ ಮೈತುಂಬಾ ಮನಿಪ್ಲಾಂಟ್ ಹಬ್ಬಿತ್ತು, ಎಲೆ ಒಂದೊಂದೂ ಮೊರದಷ್ಟು, ಚಿಕ್ಕೋರಿದ್ದಾಗ ಮಳೆ ಬಂದ್ರೆ ಅದನ್ನೇ ಕಿತ್ತು ತಲೆ ಮೇಲೆ ಹಿಡ್ಕೊಂಡು ಕೊಟ್ಟಿಗೆಗೆ ಓಡ್ತಿದ್ವಿ. ಅಜ್ಜಿ ಹೋದ್ಮೇಲೆ ಮನೆ ಮಾರಿದ್ರು, ತಗೊಂಡೋರು ಮರ ಕಡಿಸಿದ್ರು. ಕೊನೇ ಸಲ ಹೋದಾಗ ನಾನು ಒಂದು ಮಾರುದ್ದ ಬಳ್ಳಿ ಕೊಯ್ಕೊಂಡು ಒದ್ದೆ ಟವಲ್‌ನಲ್ಲಿ ಸುತ್ತಿ ಬಸ್ಸಲ್ಲಿ ರಾತ್ರಿಯಿಡೀ ತೊಡೆ ಮೇಲೆ ಇಟ್ಕೊಂಡು ಬೆಂಗಳೂರಿಗೆ ತಂದೆ. ಆ ಮನೇದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ.

ಹತ್ತು ತಿಂಗಳಾಯ್ತು. ಮೂರನೇ ಮಹಡಿ ಫ್ಲ್ಯಾಟ್, ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಬಿಳಿ ಪಿಂಗಾಣಿ ಪಾಟಲ್ಲಿ ಇಟ್ಟಿದೀನಿ. ದಿನಾ ಬೆಳಗ್ಗೆ ದೇವರ ದೀಪ ಹಚ್ಚಿದ್ಮೇಲೆ ಒಂದ್ ಚೊಂಬು ನೀರು ಹಾಕ್ತೀನಿ, ಒಂದು ದಿನಾನೂ ತಪ್ಪಿಸಿಲ್ಲ. ಮೊದಲು ಅಂಗೈಯಷ್ಟಿದ್ದ ಎಲೆ ಈಗ ವೀಳ್ಯದೆಲೆಗಿಂತ ಚಿಕ್ಕದು ಬರ್ತಿದೆ, ಹಳದಿ ಪಟ್ಟೆ ಎಲ್ಲಾ ಮಾಯವಾಗಿ ಬರೀ ಹಸಿರು, ಎರಡು ಎಲೆ ಮಧ್ಯೆ ಗೇಣುದ್ದ ಬೋಳು ಬಳ್ಳಿ. ಈ ವಾರ ಕೆಳಗಿನ ನಾಲ್ಕು ಎಲೆ ಒಟ್ಟಿಗೇ ಹಳದಿ ಆಯ್ತು, ಬುಡ ಮುಟ್ಟಿದ್ರೆ ಮೆತ್ತಗೆ ಅನ್ಸುತ್ತೆ. ಎಲ್ರೂ ಮನಿಪ್ಲಾಂಟ್ ಸಾಯೋದೇ ಇಲ್ಲ ಅಂತಾರೆ. ನನ್ ಕೈಯಲ್ಲಿ ಸಾಯ್ತಾ ಇದೆ.

ರಾಜಾಜಿನಗರ ಹುಡ್ಗ
ನೀರು ಸಾಲ್ತಿಲ್ಲ ಅನ್ಸುತ್ತೆ. ಬೇಸಿಗೆ ಅಲ್ವಾ, ದಿನಕ್ಕೆ ಎರಡು ಸಲ ಹಾಕಿ ನೋಡಿ.

ಬಾಲ್ಕನಿತೋಟ
ಅಯ್ಯೋ ಬೇಡ ಬೇಡ, ಇನ್ನು ಒಂದು ಹನೀನೂ ಹಾಕ್ಬೇಡಿ!! ಬುಡ ಮೆತ್ತಗಾಗಿದೆ, ಕೆಳಗಿನ ಎಲೆಗಳು ಒಟ್ಟಿಗೇ ಹಳದಿ ಆಗ್ತಿವೆ ಅಂದ್ರೆ ಬೇರು ಕೊಳೀತಿದೆ ಅಂತ ಅರ್ಥ. ನೀರಿಲ್ದೆ ಒಣಗಿದ ಮನಿಪ್ಲಾಂಟ್ ಬೇರೆ ಥರ ಕಾಣುತ್ತೆ, ಎಲೆ ಜೋತುಬಿದ್ದು ಕಾಗದದ ಹಾಗೆ ತೆಳ್ಳಗಾಗುತ್ತೆ, ನೀರು ಹಾಕಿದ ಅರ್ಧ ದಿನಕ್ಕೆ ಎದ್ದು ನಿಲ್ಲುತ್ತೆ. ಒಂದು ಪ್ರಶ್ನೆ, ಆ ಪಿಂಗಾಣಿ ಪಾಟ್‌ಗೆ ಕೆಳಗೆ ತೂತು ಇದೆಯಾ?

ರಾಜಾಜಿನಗರ ಹುಡ್ಗ
ಬ್ರೋ ನಮ್ಮನೇಲಿ ಬರೀ ನೀರಲ್ಲೇ ಇದೆ, ಬಾಟಲಿಯಲ್ಲಿ, ಮೂರು ವರ್ಷದಿಂದ. ಏನೂ ಕೊಳೆತಿಲ್ಲ. ನೀರು ಜಾಸ್ತಿ ಆದ್ರೆ ಸಾಯುತ್ತೆ ಅನ್ನೋದಾದ್ರೆ ಅದು ಹೇಗೆ ಬದುಕಿದೆ?

ಬಾಲ್ಕನಿತೋಟ
ಒಳ್ಳೇ ಪ್ರಶ್ನೆ. ನೀರಲ್ಲೇ ಹುಟ್ಟಿದ ಬೇರು ನೀರಿಗೆ ಹೊಂದ್ಕೊಂಡೇ ಬೆಳೆಯುತ್ತೆ, ನೀವು ಆಗಾಗ ನೀರು ಬದಲಾಯಿಸ್ತೀರಿ, ಗಾಳಿ ಸಿಗುತ್ತೆ. ಮಣ್ಣಲ್ಲಿ ಹಾಗಲ್ಲ. ಮಣ್ಣಿನ ಸಂದಿಗಳಲ್ಲಿ ಇರೋ ಗಾಳಿ ಜಾಗಕ್ಕೆ ನೀರು ತುಂಬ್ಕೊಂಡು ಅಲ್ಲೇ ಕೂತ್ರೆ ಬೇರಿಗೆ ಉಸಿರು ಕಟ್ಟುತ್ತೆ, ಆಮೇಲೆ ಶಿಲೀಂಧ್ರ ಬರುತ್ತೆ, ಕೊಳೆಯುತ್ತೆ. ಗಿಡ ಒಂದೇ, ಪರಿಸ್ಥಿತಿ ಬೇರೆ.

ಒಂಟಿಕೊಪ್ಪಲಿನ ರಾಯರು
ತಾಯಿ, ಗಿಡ ಯಾವ ದಿಕ್ಕಿನಲ್ಲಿ ಇಟ್ಟಿದ್ದೀರಿ? ಮನಿಪ್ಲಾಂಟ್ ಆಗ್ನೇಯದಲ್ಲಿ ಇರಬೇಕು. ಬಳ್ಳಿ ಮೇಲಕ್ಕೆ ಹೋಗಬೇಕು, ನೆಲಕ್ಕೆ ತಾಗಬಾರದು. ನಮ್ಮ ಮನೆಯಲ್ಲಿ 22 ವರ್ಷದಿಂದ ಹಾಗೇ ಇದೆ, ನಳನಳಿಸುತ್ತಿದೆ.

ಹಿತ್ತಲಗಿಡ
ರಾಯರೇ ಗಿಡಕ್ಕೆ ಬೆಳಕು ಬೇಕು, ದಿಕ್ಕಲ್ಲ.

ಒಂಟಿಕೊಪ್ಪಲಿನ ರಾಯರು
ಬೆಳಕು ಬೇಡ ಎಂದು ನಾನು ಹೇಳಿದೆನೇ? ಆಗ್ನೇಯದ ಕಿಟಕಿಯಲ್ಲಿ ಬೆಳಗಿನ ಎಳೆ ಬಿಸಿಲು ಬರುತ್ತದೆ, ಮಧ್ಯಾಹ್ನದ ನಂತರದ ಸುಡುಬಿಸಿಲು ಬರುವುದಿಲ್ಲ. ಹಿರಿಯರು ಹೇಳಿದ್ದನ್ನು ಒಂದು ಸಲ ಯೋಚನೆ ಮಾಡಿ ನೋಡಿ.

ಹಿತ್ತಲಗಿಡ
ಅದು ಒಪ್ಪೋ ಮಾತೇ. ಪೂರ್ವದ ಕಿಟಕಿ ಆದ್ರೂ ಅಷ್ಟೇ ಚೆನ್ನಾಗಿರುತ್ತೆ. ಪಶ್ಚಿಮದ ಬಿಸಿಲಿಗೆ ನೇರ ಇಟ್ರೆ ಎಲೆ ಮೇಲೆ ಇಸ್ತ್ರಿ ಪೆಟ್ಟಿಗೆ ತಾಗಿದ ಹಾಗೆ ಕಂದು ಕಲೆ ಬೀಳುತ್ತೆ, ನಾನೇ ಒಂದು ಏಪ್ರಿಲ್‌ನಲ್ಲಿ ಸುಟ್ಟಿದೀನಿ.

ತುಂಗೆತೀರದವಳು
ತೂತು ಇಲ್ಲ!! ಈಗ ನೋಡಿದೆ. ಪಾಟ್ ಹೊರಗೆ ಬಿಳಿ, ಕೆಳಗೆ ಮುಚ್ಚಿದೆ. ಅಂಗಡಿಯವ್ರು ಒಳಾಂಗಣಕ್ಕೆ ಇದೇ ಚೆನ್ನ, ನೆಲ ಗಲೀಜಾಗಲ್ಲ ಅಂದಿದ್ರು. ಕಿಟಕಿಯಿಂದ ಟಿವಿ ಹತ್ರಕ್ಕೆ ಸುಮಾರು ಹತ್ತು ಹನ್ನೆರಡು ಅಡಿ ಇರ್ಬಹುದು. ಈಗ ಏನ್ ಮಾಡ್ಲಿ, ಕಿತ್ತು ನೋಡ್ಲಾ? ಭಯ ಆಗ್ತಿದೆ.

ಬಾಲ್ಕನಿತೋಟ
ಕೀಳಿ. ಈಗಲೇ. ನಾಳೆಗೆ ಇಡ್ಬೇಡಿ. ಪೇಪರ್ ಹಾಸಿ ಪಾಟ್ ಓರೆ ಮಾಡಿ, ಬಳ್ಳಿ ಎಳೀಬೇಡಿ, ಮಣ್ಣಿನ ಗಡ್ಡೆ ಸಮೇತ ಜಾರಿಸಿ. ಬೇರು ಬೆಳ್ಳಗೆ ಇಲ್ಲಾ ತಿಳಿ ಕಂದು ಬಣ್ಣ ಇದ್ದು ಗಟ್ಟಿ ಇದ್ರೆ ಸರಿ ಇದೆ ಅಂತ. ಕಪ್ಪಗಾಗಿ ಲೋಳೆ ಲೋಳೆ ಇದ್ರೆ ಹೋಗಿದೆ. ಮೂಸಿ ನೋಡಿ, ಅಷ್ಟರಲ್ಲೇ ಗೊತ್ತಾಗುತ್ತೆ.

ತುಂಗೆತೀರದವಳು
ಚರಂಡಿ ವಾಸನೆ. ಪಾಟ್ ತಳದಲ್ಲಿ ಎರಡು ಬೆರಳಷ್ಟು ಕಪ್ಪು ನೀರು ನಿಂತಿತ್ತು. ಬೇರು ಹಿಡಿದ್ರೆ ಮೇಲಿನ ಸಿಪ್ಪೆ ಕೈಗೇ ಕಳಚಿ ಬರ್ತಿದೆ, ಒಳಗೆ ತೆಳ್ಳಗೆ ದಾರ ಥರ ಉಳಿಯುತ್ತೆ. ಬಳ್ಳಿ ಬುಡದಿಂದ ಒಂದು ಗೇಣು ಮೇಲಿನ ತನಕ ಕಂದು ಬಣ್ಣ ಏರಿದೆ. ನಾನೇ ದಿನಾ ಪ್ರೀತಿಯಿಂದ ನೀರು ಹಾಕಿ ಕೊಳೆಸಿದೀನಿ. ಕೂತು ಅತ್ತುಬಿಟ್ಟೆ.

ಶಿರಸಿ ತೋಟಿಗ
ತಂಗೀ ಅಳಬೇಡ, ಬಳ್ಳಿ ಹೋಗ್ಲಿಲ್ಲ. ಬೇರು ಹೋಯ್ತು ಅಷ್ಟೇ. ನಾವು ಕಾಳುಮೆಣಸಿನವ್ರು, ಬಳ್ಳಿ ವಿಚಾರ ನಮ್ಗೆ ಬಿಡು.

ಬಳ್ಳಿ ಕೈಯಲ್ಲಿ ಹಿಡ್ಕೊಂಡು ನೋಡು, ಎಲೆ ಹೊರಟ ಜಾಗದಲ್ಲಿ ಉಬ್ಬಿದ ಗೆಣ್ಣು ಇರ್ತದೆ, ಕಬ್ಬಿಗೆ ಇರೋ ಹಾಗೆ. ಆ ಗೆಣ್ಣಿನ ಹಿಂದುಗಡೆ ಕಂದು ಬಣ್ಣದ ಮೊಳೆ ಥರ ಒಂದು ಚುಂಚು ಕಾಣ್ತದೆ, ಅದೇ ಗಾಳಿಬೇರು. ಹೊಸ ಬೇರು, ಹೊಸ ಚಿಗುರು ಎಲ್ಲಾ ಹೊರಡೋದು ಆ ಗೆಣ್ಣಿಂದಲೇ. ಕೊಳೆತ ಭಾಗ ಪೂರ್ತಿ ಕತ್ತರಿಸಿ ಬಿಸಾಕು. ಕೊಯ್ದ ಬಾಯಿ ನೋಡ್ಬೇಕು, ಒಳಗೆ ಹಸಿರು ಬಿಳುಪು ಗಟ್ಟಿ ಇರೋ ತನಕ ಮೇಲೆ ಮೇಲೆ ಕೊಯ್ತಾ ಹೋಗು, ನಡುವೆ ಕಂದು ಚುಕ್ಕಿ ಕಂಡ್ರೂ ಅದು ಬೇಡ. ಪ್ರತೀ ಸಲ ಕತ್ತರಿ ಒರೆಸ್ಕೊ, ಸ್ಪಿರಿಟ್ ಇದ್ರೆ ಒಳ್ಳೇದು. ಉಳಿದ ಒಳ್ಳೇ ಬಳ್ಳೀನ ಒಂದೊಂದು, ಎರಡೆರಡು ಗೆಣ್ಣು ಬರೋ ಹಾಗೆ ತುಂಡು ಮಾಡು. ನಾವು ಮೆಣಸಿನ ಬಳ್ಳಿ ನರ್ಸರಿಗೆ ಎರಡು ಮೂರು ಗೆಣ್ಣಿನ ತುಂಡೇ ಹಾಕೋದು. ಒಂದು ಮಾರು ಬಳ್ಳಿ ಅಂದ್ರೆ ನಿನ್ನ ಹತ್ರ ಕಡಿಮೆ ಅಂದ್ರೂ ಏಳೆಂಟು ತುಂಡು ಸಿಗ್ತದೆ. ಒಂದು ಗಿಡ ಹೋಗಿ ಎಂಟು ಗಿಡ.

ಧಾರವಾಡ ಪೇಡೆ
ಅಣ್ಣಾರ ಒಂದ್ ಡೌಟು. ನಮ್ಮನ್ಯಾಗ ಒಂದ ಎಲಿ ಅಷ್ಟ ಕಿತ್ತು ಬಾಟ್ಲಿಯೊಳಗ ಹಾಕಿಟ್ಟು ವರ್ಷ ಆತು. ಬೇರು ಬಿಟ್ಟೇತಿ, ಎಲಿ ಹಸಿರ ಐತಿ, ಆದ್ರ ಹೊಸ ಚಿಗುರು ಒಂದೂ ಇಲ್ಲ. ನಮ್ಮವ್ವ ದಿನಾ ಮುಂಜಾನೆ ನೋಡ್ತಾಳ, ಇವತ್ತ ಬರ್ತೈತಿ ನಾಳೆ ಬರ್ತೈತಿ ಅಂತ.

ಶಿರಸಿ ತೋಟಿಗ
ಬರೋದಿಲ್ಲ. ಗೆಣ್ಣು ಇಲ್ದೆ ಬರೀ ತೊಟ್ಟು ಹಾಕಿದ್ರೆ ಬೇರು ಬಂದ್ರೂ ಚಿಗುರು ಬರೋ ಕಣ್ಣೇ ಅದ್ರಲ್ಲಿ ಇಲ್ಲ. ಆ ಎಲೆ ಹಾಗೇ ಇದ್ದು ಒಂದಿನ ಹಣ್ಣಾಗಿ ಹೋಗ್ತದೆ.

ಧಾರವಾಡ ಪೇಡೆ
ಅಯ್ಯ, ಅವ್ವಗ ಹೆಂಗ ಹೇಳ್ಲಿ. ಇವತ್ತ ಸಂಜೀಕ ಮಗ್ಗಲ ಮನಿಯವ್ರ ಕಡೆ ಗೆಣ್ಣಿರೋ ತುಂಡು ಇಸ್ಕೊಂಡು ಬಂದು ಅದ ಬಾಟ್ಲಿಯೊಳಗ ಇಡ್ತೀನಿ.

ರಾಜಾಜಿನಗರ ಹುಡ್ಗ
ಕೇಳಿ ಇಸ್ಕೊಂಡ್ರೆ ಬರಲ್ವಂತೆ, ಕದ್ದು ತಂದ್ರೆ ಮಾತ್ರ ಚೆನ್ನಾಗಿ ಬೆಳೆಯುತ್ತಂತೆ. ನಮ್ಮಮ್ಮ ಹಾಗೇ ಹೇಳೋದು.

ಕುಡ್ಲದ ಅಕ್ಕ
ಕದಿಯುವುದು ಎಂತಕ್ಕೆ? ನಮ್ಮ ಕಡೆ ಯಾರು ಕೇಳಿದ್ರೂ ಮುರಿದು ಕೊಡ್ತೇವೆ, ಎಲ್ಲಾ ಕಡೆ ಬದುಕಿ ಉಂಟು. ಅದಿರಲಿ, ಆ ತುಂಡು ಮಾಡುವಾಗ ಕೈಗೆ ರಸ ತಾಗಿಸ್ಕೊಳ್ಬೇಡಿ ಮಾರಾಯ್ತಿ. ನನ್ನ ಮಗಳಿಗೆ ಒಂದು ವರ್ಷ ಇರುವಾಗ ಹರಿದಾಡಿಕೊಂಡು ಹೋಗಿ ಕೆಳಗೆ ನೇತಾಡ್ತಿದ್ದ ಎಲೆ ಕಚ್ಚಿದ್ಳು. ಎರಡೇ ನಿಮಿಷದಲ್ಲಿ ತುಟಿ ಕೆಂಪಾಗಿ ಊದಿ ಜೊಲ್ಲು ಸುರಿಸ್ಲಿಕ್ಕೆ ಶುರು, ಏನು ಮಾಡಿದ್ರೂ ಅಳು ನಿಲ್ಲುದಿಲ್ಲ. ಬಾಯಿ ಒರೆಸಿ ತಣ್ಣಗಿನ ಹಾಲು ಕುಡಿಸಿ ಡಾಕ್ಟರ ಹತ್ರ ಓಡಿದ್ವಿ. ಅವ್ರು ಕೇಳಿದ ಕೂಡ್ಲೇ ಹೇಳಿದ್ರು, ಇದು ಕೆಸುವಿನ ಜಾತಿ, ಅದೇ ತುರಿಕೆ. ಸಂಜೆಗೆ ಸರಿ ಆದ್ಳು. ಆವತ್ತಿನಿಂದ ಗಿಡ ಕಪಾಟಿನ ಮೇಲೆ. ಬೆಕ್ಕು ನಾಯಿ ಇರುವವರು ಸಹ ಜಾಗ್ರತೆ.

ಬಾಟನಿ ಓದ್ತಿರೋಳು
ಅಕ್ಕ ಹೇಳಿದ್ದು ಸರಿ. ಕೆಸು, ಸುವರ್ಣಗಡ್ಡೆ, ಮನಿಪ್ಲಾಂಟ್, ಮಾನ್‌ಸ್ಟೆರಾ, ಫಿಲೋಡೆಂಡ್ರಾನ್ ಎಲ್ಲಾ ಒಂದೇ ಕುಟುಂಬ, ಏರೇಸಿ ಅಂತ. ಎಲೆ ಒಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಸೂಜಿ ಕಟ್ಟಿನ ಹಾಗೆ ಇರ್ತವೆ, ಕಚ್ಚಿದ್ರೆ ನಾಲಿಗೆಗೆ ಚುಚ್ಚುತ್ತವೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸೋದು ಕೆಸುವಿನ ಇದೇ ತುರಿಕೆ ಹೋಗ್ಲಿ ಅಂತ. ಆದ್ರೆ ಮನಿಪ್ಲಾಂಟ್ ಬೇಯಿಸಿದ್ರೂ ತಿನ್ನೋ ಎಲೆ ಅಲ್ಲ.

ಕುಡ್ಲದ ಅಕ್ಕ
ಪತ್ರೊಡೆಗೆ ಮರಕೆಸು ಸಿಕ್ಕಿದ್ರೆ ಅದರ ರುಚಿಯೇ ಬೇರೆ. ಮಳೆಗಾಲ ಬರ್ಲಿ.

ಎರಡನೇ ಮಹಡಿ
ತುಂಗೆತೀರದವರೇ, ಎಲೆ ಮೊರದಷ್ಟು ಅಂದ್ರಿ, ಅದು ಮನಿಪ್ಲಾಂಟ್ ಆಗಿರೋಕೆ ಸಾಧ್ಯ ಇಲ್ಲ. ಮನಿಪ್ಲಾಂಟ್ ಎಲೆ ನಾನು ನೋಡಿದ್ದೆಲ್ಲಾ ಅಂಗೈ ಒಳಗೇ. ನಿಮ್ಮದು ಮಾನ್‌ಸ್ಟೆರಾ ಇರ್ಬೇಕು, ಆಮೇಲೆ ಯಾವುದೋ ಬೇರೆ ಬಳ್ಳಿ ತಂದಿದೀರ.

ತುಂಗೆತೀರದವಳು
ಇಲ್ಲ, ಅದೇ ಬಳ್ಳಿ. ನಾನೇ ಕೈಯಾರೆ ಕೊಯ್ದಿದ್ದು. ಹಳದಿ ಪಟ್ಟೆ ಇರೋ ದೊಡ್ಡ ಎಲೆ, ಅಂಚು ಹರಿದ ಹಾಗೆ ಇರ್ತಿತ್ತು.

ಶಿರಸಿ ತೋಟಿಗ
ಮನಿಪ್ಲಾಂಟೇ. ನಮ್ಮ ತೋಟದ ಅಂಚಿನ ಮಾವಿನ ಮರದ ಮೇಲೂ ಉಂಟು, ಎಲೆ ಎರಡಡಿ ಹತ್ರ. ಕೆಳಗೆ ನೆಲದ ಮೇಲೆ ಅದೇ ಬಳ್ಳಿ ಹರಿದು ಹೋಗಿದೆ, ಅಲ್ಲಿ ಎಲೆ ಅಂಗೈಯಷ್ಟೇ. ಒಂದೇ ಬಳ್ಳಿ, ಒಂದೇ ಬುಡ. ನಂಬದವರು ಬಂದು ನೋಡ್ಬಹುದು, ಊಟಕ್ಕೂ ಇರಿ.

ಬಾಟನಿ ಓದ್ತಿರೋಳು
ಹೌದು, ಇದು ಬಳ್ಳಿಯ ಬಾಲ್ಯ ಮತ್ತು ಪ್ರೌಢ ರೂಪ. ನೆಲದಲ್ಲಿ ಹರಿಯುವಾಗ, ಬುಟ್ಟಿಯಿಂದ ಕೆಳಗೆ ನೇತಾಡುವಾಗ ಬಳ್ಳಿ ಮರ ಹುಡುಕ್ತಾ ಇರುತ್ತೆ, ಹಾಗಾಗಿ ಎಲೆಗೆ ಖರ್ಚು ಮಾಡದೆ ಉದ್ದ ಓಡುತ್ತೆ. ಗಾಳಿಬೇರು ಒದ್ದೆ ತೊಗಟೆ ಕಚ್ಚಿಕೊಂಡು ಮೇಲೇರೋಕೆ ಶುರು ಮಾಡಿದ್ಮೇಲೆ ಕಾಂಡ ದಪ್ಪ ಆಗುತ್ತೆ, ಎಲೆ ಒಂದಕ್ಕಿಂತ ಒಂದು ದೊಡ್ಡದು ಬರುತ್ತೆ. ಪೂರ್ತಿ ಬೆಳೆದ ಎಲೆ ಒಂದು ಮೀಟರ್ ಉದ್ದದ ತನಕಾನೂ ಹೋಗುತ್ತೆ, ಅಂಚು ಸೀಳುತ್ತೆ, ಬಳ್ಳಿ 20 ಮೀಟರ್ ಏರುತ್ತೆ. ಮನೆಯೊಳಗೆ ನಾವು ನೋಡೋದೆಲ್ಲಾ ಅದರ ಬಾಲ್ಯ ಮಾತ್ರ. ರಾಯರು ಬಳ್ಳಿ ಮೇಲಕ್ಕೆ ಹೋಗ್ಬೇಕು ಅಂದ್ರಲ್ಲ, ಅದು ಈ ಲೆಕ್ಕದಲ್ಲೂ ಸರಿಯಾದ ಮಾತು.

ಇನ್ನೊಂದು ವಿಷಯ ಹೇಳ್ಲೇಬೇಕು ಅನ್ನಿಸ್ತು. ಇದರ ಮೂಲ ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ಅನ್ನೋ ಪುಟ್ಟ ದ್ವೀಪ. 1880ರಲ್ಲಿ ಮೊದಲು ಹೆಸರಿಟ್ಟಾಗ ಪೋಥಾಸ್ ಆರಿಯಸ್ ಅಂದ್ರು, ನರ್ಸರಿಯವರು ಇವತ್ತಿಗೂ ಪೋಥಾಸ್ ಅನ್ನೋದು ಅದಕ್ಕೇ, 1964ರಿಂದ ಎಪಿಪ್ರೆಮ್ನಮ್ ಆರಿಯಮ್. ಈ ಗಿಡ ಹೂ ಬಿಡೋದೇ ಇಲ್ಲ ಅನ್ಬಹುದು. ಹೂ ಬಿಡೋಕೆ ಬೇಕಾದ ಜಿಬ್ಬರೆಲಿನ್ ಅನ್ನೋ ಹಾರ್ಮೋನು ತಯಾರಿಸೋ ಒಂದು ಜೀನ್ ಇದರಲ್ಲಿ ಸರಿಯಾಗಿ ಕೆಲಸ ಮಾಡಲ್ಲ, 2016ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕಂಡುಹಿಡಿದ್ರು, ಹೊರಗಿಂದ ಹಾರ್ಮೋನು ಸಿಂಪಡಿಸಿದಾಗ ಹೂ ಬಂತು. ತಾನಾಗೇ ಹೂ ಬಿಟ್ಟಿದ್ದು ಕೊನೇದಾಗಿ ದಾಖಲಾಗಿದ್ದು 1964ರಲ್ಲಿ. ಹೂವಿಲ್ಲ ಅಂದ್ರೆ ಬೀಜ ಇಲ್ಲ. ಕೈಯಿಂದ ಕೈಗೆ ತುಂಡು ಹೋಗಿಯೇ ಇದು ನಮ್ಮೂರಿಗೆಲ್ಲಾ ಬಂದಿದ್ದು. ಹಾಗಾಗಿ ಅಕ್ಕಾ, ನಿಮ್ಮ ಹತ್ರ ಇರೋದು ಅಜ್ಜಿ ಗಿಡದ ಮರಿ ಅಲ್ಲ. ಅದೇ ಗಿಡ. ಮರ ಕಡಿದ್ರೂ ಅದೇ ಬಳ್ಳಿ ನಿಮ್ಮ ಹಾಲ್‌ನಲ್ಲಿದೆ.

ತುಂಗೆತೀರದವಳು
ಇದನ್ನ ಮೂರು ಸಲ ಓದಿದೆ. ನಮ್ಮಮ್ಮಂಗೂ ಓದಿ ಹೇಳಿದೆ. ಥ್ಯಾಂಕ್ಸ್ ಅನ್ನೋದು ಸಣ್ಣ ಮಾತಾಗುತ್ತೆ.

ರಾಜಾಜಿನಗರ ಹುಡ್ಗ
ಹೂ ಬಿಡಲ್ಲ ಅಂತೀರಾ, ನಮ್ಮ ಚಿಕ್ಕಮ್ಮನ ಮನೇಲಿ ಬಿಳಿ ಹೂ ಬಿಟ್ಟಿತ್ತು, ನಾನೇ ಕಣ್ಣಾರೆ ನೋಡಿದೀನಿ.

ಬಾಟನಿ ಓದ್ತಿರೋಳು
ಒಂದೇ ಬಿಳಿ ದಳ, ಮಧ್ಯೆ ಬತ್ತಿ ಥರ ನಿಂತಿತ್ತಾ? ಅದು ಪೀಸ್ ಲಿಲಿ, ಇದೇ ಕುಟುಂಬದ್ದು. ಎಲೆ ಬುಡದಿಂದ ಗೊಂಚಲಾಗಿ ಬರುತ್ತೆ, ಬಳ್ಳಿ ಇರಲ್ಲ.

ರಾಜಾಜಿನಗರ ಹುಡ್ಗ
ಹೌದು ಬಳ್ಳಿ ಇರ್ಲಿಲ್ಲ. ಸರಿ ಒಪ್ಕೊಂಡೆ.

ತುಂಗೆತೀರದವಳು
ಕೊಯ್ದೆ. ಒಟ್ಟು ಒಂಬತ್ತು ತುಂಡು ಬಂತು, ಗ್ಲವ್ಸ್ ಹಾಕ್ಕೊಂಡೇ ಮಾಡಿದೆ ಅಕ್ಕ. ಎರಡು ತುಂಡಿಗೆ ಎಲೆ ಇಲ್ಲ, ಬರೀ ಗೆಣ್ಣು ಇದೆ, ಅದನ್ನ ಬಿಸಾಕೋದಾ?

ಶಿರಸಿ ತೋಟಿಗ
ಬಿಸಾಕ್ಬೇಡ! ಗೆಣ್ಣು ಇದ್ರೆ ಸಾಕು. ಬೋಳು ತುಂಡನ್ನ ಒದ್ದೆ ತೆಂಗಿನನಾರಿನ ಪುಡಿ ಮೇಲೆ ಅಡ್ಡಡ್ಡ ಮಲಗಿಸು, ಅರ್ಧ ಹೂತಿರ್ಲಿ, ಅರ್ಧ ಕಾಣ್ಲಿ. ಡಬ್ಬಿಗೆ ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಮುಚ್ಚು. ಎಲೆ ಇರೋದನ್ನ ನೀರಿಗೆ ಹಾಕು, ಗೆಣ್ಣು ಮುಳುಗ್ಬೇಕು, ಎಲೆ ಮುಳುಗ್ಬಾರ್ದು. ಹಾಕೋ ಮುಂಚೆ ಒಂದೆರಡು ತಾಸು ನೆರಳಲ್ಲಿ ಇಟ್ಟು ಕೊಯ್ದ ಬಾಯಿ ಒಣಗಿಸ್ಕೊ.

ಹಿತ್ತಲಗಿಡ
ನೀರಲ್ಲಿ ಇಡೋರು ವಾರಕ್ಕೆ ಎರಡು ಸಲ ಆದ್ರೂ ನೀರು ಚೆಲ್ಲಿ ಬಾಟಲಿ ಒಳಗೆ ಬೆರಳು ಹಾಕಿ ಉಜ್ಜಿ ತೊಳೀರಿ. ಇದನ್ನ ಯಾಕೆ ಜೋರಾಗಿ ಹೇಳ್ತಿದೀನಿ ಅಂದ್ರೆ ಈಡಿಸ್ ಸೊಳ್ಳೆ ಇಂಥ ತಿಳಿನೀರಲ್ಲೇ, ಪಾತ್ರೆ ಗೋಡೆಗೆ ಮೊಟ್ಟೆ ಅಂಟಿಸೋದು, ಎಂಟು ಹತ್ತು ದಿನಕ್ಕೆ ಮೊಟ್ಟೆ ಹೋಗಿ ಸೊಳ್ಳೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದೇ ತಿಂಗಳು ಐದು ಜನಕ್ಕೆ ಡೆಂಗೆ ಆದಾಗ ಹುಡುಕ್ತಾ ಹೋದ್ರೆ ಮರಿ ಸಿಕ್ಕಿದ್ದು ಒಬ್ಬರ ಮನಿಪ್ಲಾಂಟ್ ಹೂಜಿಯಲ್ಲಿ ಮತ್ತೆ ಪಾಟ್ ಕೆಳಗಿನ ತಟ್ಟೆಯಲ್ಲಿ. 2024ರಲ್ಲಿ ನಮ್ಮ ಸರ್ಕಾರ ಡೆಂಗೆನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟೋ ಹಾಗೆ ನೀರು ನಿಲ್ಲಿಸಿದ್ರೆ ದಂಡಾನೂ ಇಟ್ಟಿದೆ. ತಟ್ಟೆ ನೀರು ಮರೀಬೇಡಿ ಯಾರೂ.

ಎರಡನೇ ಮಹಡಿ
ಸೊಳ್ಳೆ ಒಂದು ಬಿಟ್ರೆ ಈ ಗಿಡ ಮನೆ ಗಾಳಿ ಶುದ್ಧ ಮಾಡುತ್ತಲ್ವಾ, ನಾಸಾನೇ ಹೇಳಿದೆ. ಅದಕ್ಕೇ ನಾನು ಬೆಡ್‌ರೂಮಲ್ಲಿ ಎರಡು ಇಟ್ಟಿದೀನಿ.

ಬಾಲ್ಕನಿತೋಟ
ನಾಸಾ 1989ರ ವರದಿ ಅದು. ಅವ್ರು ಗಾಳಿಯಾಡದ ಚಿಕ್ಕ ಪೆಟ್ಟಿಗೆಯಲ್ಲಿ ಗಿಡ ಇಟ್ಟು ಅಳೆದಿದ್ದು. ನಮ್ಮ ಮನೆಗೆ ಕಿಟಕಿ ಬಾಗಿಲು ಇದೆ. 2019ರಲ್ಲಿ ಇಬ್ಬರು ಸಂಶೋಧಕರು ಇಂಥ ಪರೀಕ್ಷೆಗಳ ಲೆಕ್ಕ ಎಲ್ಲಾ ಒಟ್ಟು ಹಾಕಿ ನೋಡಿದಾಗ, ಮಾಮೂಲಿ ಗಾಳಿ ಸಂಚಾರ ಮಾಡೋವಷ್ಟು ಕೆಲಸ ಗಿಡಗಳಿಂದ ಆಗ್ಬೇಕಾದ್ರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಅಂತ ಬಂತು. ಕಾಲಿಡೋಕೂ ಜಾಗ ಇರಲ್ಲ. ಕಿಟಕಿ ತೆಗೀರಿ, ಗಿಡ ಚೆಂದಕ್ಕೆ ಇಟ್ಕೊಳ್ಳಿ.

ಎರಡನೇ ಮಹಡಿ
ಗಿಡ ಇರೋ ರೂಮಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ ನಂಗೆ, ಅದಂತೂ ನಿಜ. ನಾನು ತೆಗೆಯಲ್ಲ.

ಬಾಲ್ಕನಿತೋಟ
ತೆಗೀರಿ ಅಂತ ನಾನೂ ಹೇಳ್ಲಿಲ್ಲ, ನಮ್ಮನೇಲೂ ಆರಿದೆ.

ಮ್ಯೂನಿಕ್ ಕನ್ನಡತಿ
ಎಲ್ರಿಗೂ ಹಾಯ್, ನಾನೂ ಸೇರ್ಕೋತೀನಿ. ಇಲ್ಲಿ ಡಿಸೆಂಬರಲ್ಲಿ ದಿನಕ್ಕೆ ಎಂಟು ಗಂಟೆ ಬೆಳಕು ಸಿಕ್ರೆ ಹೆಚ್ಚು, ಅದೂ ಮಂಕು. ಮೊದಲ ಚಳಿಗಾಲದಲ್ಲಿ ಊರಿನ ಅಭ್ಯಾಸ, ಮೂರು ದಿನಕ್ಕೊಮ್ಮೆ ನೀರು ಹಾಕಿ ಒಂದು ಗಿಡ ಇದೇ ಥರ ಕೊಳೆಸಿದೆ. ಈಗ ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಕಿಟಕಿ ಕೆಳಗೇ ಹೀಟರ್ ಇರುತ್ತೆ ಇಲ್ಲಿ, ಅದರ ಮೇಲೆ ಇಟ್ರೆ ಎಲೆ ತುದಿ ಗರಿಗರಿ ಒಣಗುತ್ತೆ, ಗಾಜಿಗೆ ಅಂಟಿಸಿ ಇಟ್ರೆ ಚಳಿಗೆ ಕಪ್ಪಾಗುತ್ತೆ. ಸ್ಟೂಲ್ ಹಾಕಿ ಎರಡಡಿ ಈಚೆ ಇಟ್ಟು ಮೇಲೊಂದು ಗ್ರೋ ಲೈಟ್ ಹಾಕಿದ್ಮೇಲೆ ಸುಧಾರಿಸ್ತು. ಮುಂದಿನ ಸಲ ಊರಿಗೆ ಬಂದಾಗ ಅಮ್ಮನ ಮನೆಯಿಂದ ಒಂದು ತುಂಡು ಬ್ಯಾಗಲ್ಲಿ ತರೋ ಆಸೆ ಇದೆ.

ಬಾಲ್ಕನಿತೋಟ
ಅದು ಹಾಗೆ ತರೋಕೆ ಆಗಲ್ಲ ನೋಡಿ. 2019ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಜೀವಂತ ಗಿಡ ತರ್ಬೇಕಾದ್ರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಪ್ರಯಾಣಿಕರ ಬ್ಯಾಗಿನಲ್ಲಿ ಇರೋ ಒಂದು ತುಂಡಿಗೂ. ಏರ್‌ಪೋರ್ಟಲ್ಲಿ ಕಿತ್ಕೊಂಡ್ರೆ ಮನಸ್ಸಿಗೆ ಇನ್ನೂ ಬೇಜಾರು.

ಮ್ಯೂನಿಕ್ ಕನ್ನಡತಿ
ಗೊತ್ತಿರ್ಲಿಲ್ಲ, ಒಳ್ಳೇದಾಯ್ತು ಹೇಳಿದ್ದು. ಮೇಲೆ ಹೇಳಿದ ಪ್ರಕಾರ ಅಮ್ಮನ ಮನೇದೂ ಇಲ್ಲಿ ಅಂಗಡಿಯಲ್ಲಿ ಸಿಗೋದೂ ಒಂದೇ ಮೂಲದ ಗಿಡ ಅಲ್ವಾ? ಹಾಗಂದ್ಕೋತೀನಿ.

ಬಾಟನಿ ಓದ್ತಿರೋಳು
ಹಳದಿ ಪಟ್ಟೆಯ ಮಾಮೂಲಿ ಜಾತಿ ಆದ್ರೆ ಹಾಗೇ ಅಂದ್ಕೊಳ್ಬಹುದು. ಬಿಳಿ ಪಟ್ಟೆಯ ಮಾರ್ಬಲ್ ಕ್ವೀನ್, ಪೂರ್ತಿ ಗಿಣಿಹಸಿರಿನ ನಿಯಾನ್, ಇವೆಲ್ಲಾ ಆಮೇಲೆ ಆರಿಸಿ ಬೆಳೆಸಿದ್ದು. ತುಂಗೆತೀರದ ಅಕ್ಕ ಹೇಳಿದ್ರಲ್ಲ ಹಳದಿ ಪಟ್ಟೆ ಮಾಯವಾಯ್ತು ಅಂತ, ಹಳದಿ ಭಾಗದಲ್ಲಿ ಹರಿತ್ತು ಕಮ್ಮಿ, ಕತ್ತಲಲ್ಲಿ ಇಟ್ರೆ ಸಿಕ್ಕಿದ ಬೆಳಕಲ್ಲೇ ಊಟ ಮಾಡ್ಕೊಳ್ಳೋಕೆ ಹೊಸ ಎಲೆ ಹೆಚ್ಚು ಹಸಿರಾಗಿ ಬರುತ್ತೆ. ಹಳೇ ಎಲೆಗೆ ಬಣ್ಣ ವಾಪಸ್ ಬರಲ್ಲ, ಬೆಳಕಿಗೆ ಇಟ್ಮೇಲೆ ಬರೋ ಹೊಸ ಎಲೆ ನೋಡಿ.

ಒಂಟಿಕೊಪ್ಪಲಿನ ರಾಯರು
ಅಕ್ಕಿ ತೊಳೆದ ನೀರು ಹಾಕಿದರೆ ಬಹಳ ಒಳ್ಳೆಯದು. ನಮ್ಮ ಮನೆಯವರು ವಾರಕ್ಕೊಮ್ಮೆ ಹಾಕುತ್ತಾರೆ.

ಹಿತ್ತಲಗಿಡ
ಹೊರಗಿನ ಗಿಡಕ್ಕೆ ಸರಿ ರಾಯರೇ. ಮನೆ ಒಳಗಿನ ಪಾಟ್‌ಗೆ ಹಾಕಿ ಹುಳಿ ವಾಸನೆ, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ, ಎರಡೂ ಬಂತು ನಮಗೆ. ಟೀ ಚರಟಾನೂ ಅಷ್ಟೇ, ಸಕ್ಕರೆ ಇದ್ರೆ ಇರುವೆ. ನಾನು ಈಗ ತಿಂಗಳಿಗೊಂದು ಮುಷ್ಟಿ ಎರೆಹುಳು ಗೊಬ್ಬರ, ಇಲ್ಲಾ 19:19:19 ರಸಗೊಬ್ಬರ ಲೀಟರ್ ನೀರಿಗೆ ಒಂದು ಗ್ರಾಂ, ಅಷ್ಟೇ. ಬೇರು ಕೊಳೆತು ಚೇತರಿಸ್ಕೊಳ್ತಿರೋ ಗಿಡಕ್ಕೆ ಅದೂ ಬೇಡ.

ಒಂಟಿಕೊಪ್ಪಲಿನ ರಾಯರು
ನಮ್ಮದು ಹೊರಗಿನ ವರಾಂಡದಲ್ಲಿದೆ, ಅದಕ್ಕೇ ತೊಂದರೆಯಾಗಿಲ್ಲವೇನೋ. ಸರಿ.

ತುಂಗೆತೀರದವಳು
ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ. ಎಲ್ಲಾನೂ ಪೂರ್ವದ ಅಡುಗೆಮನೆ ಕಿಟಕಿ ಕಟ್ಟೆಗೆ ತಂದಿಟ್ಟೆ. ನೀರಲ್ಲಿದ್ದ ಏಳರಲ್ಲಿ ಎರಡು ಕೊಳೀತು, ಕೊಯ್ದ ಬಾಯಲ್ಲಿ ಸ್ವಲ್ಪ ಕಂದು ಇತ್ತು, ಇರ್ಲಿ ಅಂತ ಬಿಟ್ಟಿದ್ದೆ, ಅಣ್ಣ ಹೇಳಿದ್ದು ಕೇಳ್ಬೇಕಿತ್ತು. ಐದಕ್ಕೆ ಬೇರು ಬಂದಿದೆ, ಒಂದಕ್ಕೆ ಒಂದಿಂಚು ದಾಟಿದೆ, ಬೆಳ್ಳಗೆ ಹತ್ತಿ ಬತ್ತಿ ಥರ. ನಾರಿನ ಪುಡಿಯಲ್ಲಿ ಮಲಗಿಸಿದ ಬೋಳು ತುಂಡು ಎರಡೂ ಗಟ್ಟಿ ಇದೆ, ಒಂದರ ಗೆಣ್ಣಲ್ಲಿ ಅಕ್ಕಿಕಾಳಷ್ಟು ಹಸಿರು ಮೊನೆ ಕಾಣ್ತಿದೆ. ಬೆಳಗ್ಗೆ ಕಾಫಿ ಕುಡೀತಾ ಅದನ್ನೇ ನೋಡ್ತಾ ನಿಂತ್ಕೋತೀನಿ. ಈಗ ಮಣ್ಣಿಗೆ ಹಾಕ್ಲಾ? ಮತ್ತೆ ಅಜ್ಜಿ ಮನೇಲಿ ಇದ್ದ ಹಾಗೆ ಹತ್ತಿಸೋಕೆ ಏನು ಮಾಡ್ಬೇಕು, ಆನ್‌ಲೈನಲ್ಲಿ ಸಿಗೋ ನಾರಿನ ಕೋಲು ತಗೊಳ್ಳಾ?

ಬಾಲ್ಕನಿತೋಟ
ತುಂಬಾ ಖುಷಿ ಆಯ್ತು!! ಬೇರು ಎರಡಿಂಚು ಆಗ್ಲಿ, ಅದಕ್ಕೆ ಕವಲು ಒಡೀಲಿ, ಆಮೇಲೆ ಮಣ್ಣು. ಕೆಂಪುಮಣ್ಣು ಒಂದು ಪಾಲು, ಕೋಕೋಪೀಟ್ (ಅದೇ ತೆಂಗಿನನಾರಿನ ಪುಡಿ) ಒಂದು ಪಾಲು, ಎರೆಹುಳು ಗೊಬ್ಬರ ಅರ್ಧ, ದಪ್ಪ ಮರಳು ಇಲ್ಲಾ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅರ್ಧ. ತೂತಿರೋ ಆರಿಂಚಿನ ಪಾಟ್ ಸಾಕು, ದೊಡ್ಡದು ಬೇಡ, ದೊಡ್ಡ ಪಾಟಲ್ಲಿ ಬೇರು ಕುಡಿಯೋದಕ್ಕಿಂತ ಜಾಸ್ತಿ ನೀರು ಮಣ್ಣಲ್ಲೇ ನಿಲ್ಲುತ್ತೆ. ಐದನ್ನೂ ಒಂದೇ ಪಾಟಿಗೆ ಸುತ್ತ ನೆಡಿ, ತುಂಬಿದ ಹಾಗೆ ಕಾಣುತ್ತೆ. ನೀರಲ್ಲಿದ್ದ ಬೇರು ಆದ್ರಿಂದ ಮೊದಲ ಎರಡು ವಾರ ಮಣ್ಣು ಪೂರ್ತಿ ಒಣಗೋಕೆ ಬಿಡ್ಬೇಡಿ, ಆಮೇಲೆ ಬೆರಳು ಎರಡು ಗೆಣ್ಣು ಆಳಕ್ಕೆ ಚುಚ್ಚಿ ಒಣ ಅನ್ಸಿದಾಗ ಮಾತ್ರ ನೀರು. ಬಿಳಿ ಪಾಟ್ ಇಷ್ಟ ಇದ್ರೆ ಅದರೊಳಗೆ ಇದನ್ನ ಇಡಿ, ನೀರು ಹಾಕುವಾಗ ಸಿಂಕ್‌ಗೆ ತಗೊಂಡ್ಹೋಗಿ ಪೂರ್ತಿ ಬಸಿದು ವಾಪಸ್ ಇಡಿ.

ಶಿರಸಿ ತೋಟಿಗ
ಕೋಲಿನ ವಿಚಾರ ನಾನು ಹೇಳ್ತೆ. ಅಂಗಡಿ ನಾರಿನ ಕೋಲು ಚೆಂದ ಕಾಣ್ತದೆ, ಆದ್ರೆ ಒಣಗಿದ ನಾರಿಗೆ ಬೇರು ಕಚ್ಚೋದಿಲ್ಲ, ದಾರದಲ್ಲಿ ಕಟ್ಟಿದ್ದಕ್ಕೆ ನಿಂತಿರ್ತದೆ ಅಷ್ಟೇ. ದಿನಾ ನೀರು ಚಿಮುಕಿಸೋದಾದ್ರೆ ಮಾತ್ರ ತಗೊ. ನನ್ನ ಕೇಳಿದ್ರೆ ಒಂದು ಹಳೇ ಒರಟು ಹಲಗೆ, ನಾಲ್ಕಿಂಚು ಅಗಲ, ಪಾಟಿನ ಹಿಂಬದಿಗೆ ನೆಟ್ಟಗೆ ಇಳಿಸು. ಗಾಳಿಬೇರು ಇರೋ ಬೆನ್ನು ಹಲಗೆ ಕಡೆ, ಎಲೆ ಮುಖ ಕಿಟಕಿ ಕಡೆ. ಮೆಣಸಿನ ಬಳ್ಳಿ ಕಟ್ಟಿದ ಹಾಗೆ ಗೆಣ್ಣಿನ ಹತ್ರ ಬಾಳೆಪಟ್ಟೆ ನಾರಿಂದ ಸಡಿಲ ಕಟ್ಟು, ಎಲೆ ತೊಟ್ಟು ಸಿಕ್ಕಿಸ್ಬೇಡ. ಒಂದು ಸಲ ಕಚ್ಚಿಕೊಂಡ್ರೆ ಆಮೇಲೆ ಕಟ್ಟೋದು ಬೇಡ. ಮೊರದಷ್ಟು ಎಲೆ ಫ್ಲ್ಯಾಟಲ್ಲಿ ಬರೋದಿಲ್ಲ, ಸುಳ್ಳು ಹೇಳೋದಿಲ್ಲ ನಾನು, ಆದ್ರೆ ಅಂಗೈ ದಾಟ್ತದೆ.

ಕುಡ್ಲದ ಅಕ್ಕ
ಹಲಗೆ ಅಂದ್ರೆ ಯಾವ ಮರದ್ದು ಒಳ್ಳೇದು? ಪ್ಲೈವುಡ್ ಆಗ್ತದಾ?

ಶಿರಸಿ ತೋಟಿಗ
ಪ್ಲೈವುಡ್ ನೀರು ಕುಡಿದು ಬಿಟ್ಕೊಳ್ತದೆ, ಬೇಡ. ಅಡಿಕೆ ದಬ್ಬೆ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಹಲಸಿನ ಹಲಗೆ ಆದ್ರೂ ಆದೀತು.

ತುಂಗೆತೀರದವಳು
ಹಲಸಿನ ಹಲಗೆ ಇದೆ ಅಣ್ಣ. ಆ ಮರ ಕಡಿದಾಗ ನಮ್ಮ ಮಾವ ಒಂದು ತುಂಡು ಕೇಳಿ ತಂದು ಅಟ್ಟದ ಮೇಲೆ ಹಾಕಿದಾರೆ, ಯಾಕೆ ತಂದ್ರಿ ಅಂದ್ರೆ ಸುಮ್ನೆ ಅಂದಿದ್ರು. ಈಗಲೇ ಫೋನ್ ಮಾಡ್ತೀನಿ. ಎಷ್ಟು ಉದ್ದಕ್ಕೆ ಕೊಯ್ಸೋಕೆ ಹೇಳ್ಲಿ?

ಶಿರಸಿ ತೋಟಿಗ
ಮೂರಡಿ. ಹೆರೆದು ನುಣುಪು ಮಾಡೋದು ಬೇಡ ಅಂತ ಹೇಳು, ತೊಗಟೆ ಉಳಿದಿದ್ರೆ ಹಾಗೇ ಇರ್ಲಿ.